ನಿಮ್ಮದೇ ಮಾತಿನಲ್ಲಿ ವಿವರಿಸಿ

ಮುಂದಿನ ಗಾಜಿಗೆ ಅಂಟಿಸಿದ ಕೆಂಪು ಎಲ್ ಅಕ್ಷರದ ನೆರಳು ತಿರುಗುಮುರುಗಾಗಿ ಬಂದು ಸರಿಯಾಗಿ ಆ ಖಾಲಿ ಜಾಗದ ಮೇಲೆಯೇ ಕೂತಿದೆ, ಅರ್ಜಿಯನ್ನು ತೊಡೆಯ ಮೇಲೆ ಸ್ವಲ್ಪ ಎಡಕ್ಕೆ ಸರಿಸಿದೆ, ಈಗ ಪಾಲಿಸಿ ಸಂಖ್ಯೆಯ ಮೇಲೆ ಕೂತಿತು, ಇನ್ನೂ ಸರಿಸಿದೆ, ಹೆಂಡತಿಯ ದುಂಡು ಅಕ್ಷರಗಳ ಮೇಲೆ, ಎಲ್ಲಿ ಇಟ್ಟರೂ ಎಲ್ಲಾದರೊಂದು ಕಡೆ ಬೀಳಲೇಬೇಕಲ್ಲ, ಹತ್ತೂಕಾಲು ಗಂಟೆ, ಕಾರು ಕಲಿಯುವ ಹಲ್ಲಿನ ಡಾಕ್ಟರಮ್ಮ ಬರುವುದು ಹತ್ತೂವರೆಗೆ, ಹದಿನೈದು ನಿಮಿಷದಲ್ಲಿ ಹನ್ನೊಂದು ಗೆರೆ ತುಂಬುವುದು ಎಷ್ಟರ ಕೆಲಸ — ಘಟನೆ ಹೇಗೆ ನಡೆಯಿತು, ನಿಮ್ಮದೇ ಮಾತಿನಲ್ಲಿ ವಿವರಿಸಿ — ಹನ್ನೊಂದು ಗೆರೆ ಕೊಟ್ಟಿದ್ದಾರೆ, ಎಣಿಸಿದ್ದೇನೆ, ಮೂರು ದಿನದಿಂದ ಎಣಿಸುತ್ತಲೇ ಇದ್ದೇನೆ, ನನ್ನದೇ ಮಾತು ಅಂತ ನನ್ನ ಹತ್ತಿರ ಎಷ್ಟಿದೆ, ಇಪ್ಪತ್ತೆರಡು ವರ್ಷದಿಂದ ಬೆಳಗಾದರೆ ಅದೇ ಹತ್ತು ಮಾತು, ಕ್ಲಚ್ ಒತ್ತಿ, ನಿಧಾನ, ಕನ್ನಡಿ ನೋಡಿ, ನಿಧಾನ ಅಂದೆನಲ್ಲ, ಬ್ರೇಕ್, ಬ್ರೇಕ್, ಆಮೇಲೆ ನನ್ನ ಕಾಲೇ ಒತ್ತಿಬಿಡುತ್ತದೆ, ಕಲಿಸುವವನ ಕಡೆಗೂ ಒಂದು ಬ್ರೇಕ್ ಇರುತ್ತದಲ್ಲ ಈ ಕಾರಿನಲ್ಲಿ, ಅದಕ್ಕೇ ಬೀದಿಗೆಲ್ಲ ನಾನು ಬ್ರೇಕ್ ಮೇಷ್ಟ್ರು, ಸಿನಿಮಾ ನೋಡುವಾಗ ಪರದೆಯ ಮೇಲೆ ಕಾರು ಬಂದರೂ ಅಪ್ಪ ಮುಂದಿನ ಸೀಟು ಒತ್ತುತ್ತಾನೆ ಎಂದು ಮಗಳು ನಗುತ್ತಾಳೆ, ನಗುತ್ತಿದ್ದಳು. ಮೇಲಿನದನ್ನೆಲ್ಲ ಹೆಂಡತಿಯೇ ತುಂಬಿದ್ದಾಳೆ, ಪಾಲಿಸಿದಾರರ ಹೆಸರು, ವಿಳಾಸ, ಸಾಕುಪ್ರಾಣಿಯ ಜಾತಿ ನಾಯಿ, ತಳಿ ಎಂಬಲ್ಲಿ ಒಂದು ಅಡ್ಡಗೆರೆ, ಅದಕ್ಕೆ ಎಂಥ ತಳಿ, ಬಣ್ಣ ಕಂದು, ಗಡ್ಡ ಬಿಳಿ, ವಯಸ್ಸು ಒಂಬತ್ತು, ಹೆಸರು ತಾತ. ಎರಡು ತಿಂಗಳ ಮರಿಯಾಗಿ ರಟ್ಟಿನ ಡಬ್ಬದಲ್ಲಿ ಬಂದಾಗಲೇ ಅವನಿಗೆ ಬಿಳಿ ಗಡ್ಡ, ಮೂರು ವರ್ಷದ ಮಗಳು ಡಬ್ಬದೊಳಗೆ ಬಗ್ಗಿ ನೋಡಿ ತಾತ ಬಂದ್ರು ಎಂದಳು, ಅಷ್ಟೇ, ಅಂದಿನಿಂದ ಅವನು ತಾತ, ಅದೂ ಬಹುವಚನದಲ್ಲಿ, ತಾತ ಊಟ ಮಾಡಿದ್ರಾ, ತಾತ ಸೋಫಾ ಹರಿದ್ರು, ನನ್ನ ಮಾವ ಅದನ್ನು ಕೇಳಿ ಬೇಜಾರು ಮಾಡಿಕೊಳ್ಳುತ್ತಾರೇನೋ ಎಂದು ನಾವು ಹೆದರಿದ್ದರೆ ಅವರು ಗಡ್ಡ ಕೆರೆದುಕೊಂಡು, ಪರವಾಗಿಲ್ಲ, ಇಬ್ಬರಿಗೂ ಒಂದೇ ಬಟ್ಟಲು ಮಾತ್ರ ಇಡಬೇಡಿ ಎಂದರು. ಹುಟ್ಟಿಸಿದ ಅಪ್ಪನಿಗೆ ಏಕವಚನ, ನಾಯಿಗೆ ಬಹುವಚನ, ಇದ್ಯಾವ ನ್ಯಾಯ ಎಂದು ನಾನು ಕೇಳಿದರೆ, ನೀನು ನಮ್ಮನೆಯವನು ಅಪ್ಪ, ಅವರು ಹಿರಿಯರು ಎನ್ನುತ್ತಿದ್ದಳು. ನಾನೊಬ್ಬನೇ ಅವನನ್ನು ಏ ಮುದುಕ ಎನ್ನುತ್ತಿದ್ದದ್ದು. ಏ ಮುದುಕ, ಏಳೋ, ಕಾರು ತೆಗೀಬೇಕು.

ವಿಮೆಯವರಿಗೆ ಮೊದಲ ಫೋನನ್ನು ಮಾಡಿದ್ದೂ ಹೆಂಡತಿಯೇ, ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಮೂಗಿನ ಅಳತೆ ತೆಗೆಯುವವಳು, ಕಾಗದಪತ್ರದಲ್ಲಿ ನನಗಿಂತ ಚುರುಕು, ಪಾಲಿಸಿ ಮಾಡಿಸಿದ್ದೂ ಅವಳೇ, ವಯಸ್ಸಾಗುತ್ತಿದೆ, ಕಿವಿ ಬೇರೆ ಮಂದವಾಗಿದೆ, ನಾಳೆ ಏನಾದರೂ ಆದರೆ ಎಂದು. ಹಲೋ, ನಮ್ಮ ತಾತ ಹೋಗ್ಬಿಟ್ರು, ಕ್ಲೇಮ್ ಹಾಕ್ಬೇಕಿತ್ತು ಎಂದಳು, ದುಃಖದಲ್ಲಿ ಬಾಯಿಗೆ ಬಂದದ್ದೇ ಹಾಗೆ, ಆ ಕಡೆಯ ಹೆಣ್ಣುದನಿ, ಅಯ್ಯೋ, ತುಂಬಾ ಬೇಜಾರಾಯ್ತು ಮೇಡಂ, ಅವರಿಗೆ ವಯಸ್ಸೆಷ್ಟಾಗಿತ್ತು? ಒಂಬತ್ತು. ಮೇಡಂ, ಒಂಬತ್ತಾ, ತೊಂಬತ್ತಾ? ಹೆಂಡತಿಗೆ ನಗು ಬಂದುಬಿಟ್ಟಿತು, ಫೋನು ಹಿಡಿದುಕೊಂಡೇ ನಕ್ಕಳು, ನಗುತ್ತ ನಗುತ್ತ ಗೋಡೆಗೆ ಒರಗಿದಳು, ಅದು ಯಾವಾಗ ಅಳುವಾಯಿತೋ ಅವಳಿಗೂ ಗೊತ್ತಿಲ್ಲ, ನಾನು ನೀರು ತಂದುಕೊಟ್ಟೆ, ನೀರು ತಂದುಕೊಡುವುದು ಸುಲಭ. ಕಾರಣ ಎಂಬಲ್ಲಿ ಅವಳೇ ಬರೆದಳು, ಗುರುತು ಸಿಗದ ಬಿಳಿ ವ್ಯಾನ್ ಡಿಕ್ಕಿ. ನಾನು ಹೇಳಿದ್ದನ್ನು ಬರೆದಳು. ಹತ್ತು ದಿನದ ಮೇಲೆ ಅರ್ಜಿ ವಾಪಸು ಬಂತು, ಜೊತೆಗೊಂದು ಚೀಟಿ, ಪಶುವೈದ್ಯರ ವರದಿಯಲ್ಲಿ ನಿಧಾನವಾಗಿ ಚಲಿಸುವ ವಾಹನದ ಹಿಂದಿನ ಚಕ್ರದಿಂದ ಆದ ಪೆಟ್ಟು ಎಂದಿದೆ, ನಿಮ್ಮ ವಿವರಕ್ಕೂ ಅದಕ್ಕೂ ಹೊಂದಾಣಿಕೆ ಇಲ್ಲ, ಘಟನೆಯ ಸಮಯದಲ್ಲಿ ಸ್ಥಳದಲ್ಲಿದ್ದವರೇ ಮತ್ತೆ ಬರೆದು ಇಂಥ ತಾರೀಖಿನೊಳಗೆ ಅಂಚೆಗೆ ಹಾಕಬೇಕು. ಆ ತಾರೀಖು ಇವತ್ತು. ನೀವೇ ಬರೀರಿ, ಅಲ್ಲಿದ್ದದ್ದು ನೀವು ತಾನೇ ಎಂದು ಹೆಂಡತಿ ಅರ್ಜಿಯನ್ನು ನನ್ನ ತಿಂಡಿಯ ಡಬ್ಬಿಯ ಜೊತೆಗೆ ಇಟ್ಟಳು, ಅವಳ ಮಾತಿನಲ್ಲಿ ಏನೂ ಇರಲಿಲ್ಲ, ನಾನೇ ಮೂರು ದಿನದಿಂದ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ, ಅಲ್ಲಿದ್ದದ್ದು ನೀವು ತಾನೇ. ಆ ಪಶುವೈದ್ಯ, ಎಳೆಯ ವಯಸ್ಸಿನವನು, ಕೈ ತೊಳೆದುಕೊಳ್ಳುತ್ತ ನನ್ನ ಕಡೆ ಒಮ್ಮೆ ನೋಡಿದ, ವ್ಯಾನ್ ಜೋರಾಗಿ ಬಂತಾ ಸರ್? ಹೌದು, ಜೋರಾಗಿ. ಹೌದಾ ಎಂದ, ಮತ್ತೆ ಕೈ ತೊಳೆದುಕೊಂಡ, ತೊಳೆದ ಕೈಯನ್ನೇ. ಅಷ್ಟರಲ್ಲಿ ಮಗಳು ಶಾಲೆಯ ಚೀಲ ಬೆನ್ನಿನಲ್ಲೇ ಇಟ್ಟುಕೊಂಡು ಓಡಿಬಂದಳು, ಹಿಂದೆ ಅವಳಮ್ಮ, ಅಪ್ಪಾ, ಯಾರು ಮಾಡಿದ್ದು? ಯಾರು ಅಂತ ಹೇಳು? ಬಾಯಿ ತೆರೆದೆ, ನಾನೇ ಎನ್ನಲಿಕ್ಕೇ ತೆರೆದದ್ದು, ದೇವರಾಣೆ, ನಾಲಿಗೆ ಮಾತ್ರ ಬೇರೆ ಕಡೆ ಹೊರಳಿತು, ಯಾವುದೋ ವ್ಯಾನ್ ಪುಟ್ಟಿ, ಬಿಳಿ. ಬಿಳಿ ಅಂತ ಯಾಕಂದೆ? ಈ ಕಾರೂ ಬಿಳಿ. ಅಷ್ಟು ಮಾತ್ರ ನಿಜ ಹೇಳಿದೆ.

ಆ ಒಂದು ಬಿಳಿಯನ್ನು ಹಿಡಿದುಕೊಂಡು ಅವಳು ಹೊರಟುಬಿಟ್ಟಳು. ತಾತ ಮರುದಿನ ಸಂಜೆ ಹೋದ, ಅದರ ಮರುದಿನದಿಂದ ಶಾಲೆ ಮುಗಿಸಿ ಬಂದವಳು ಬಟ್ಟೆ ಬದಲಾಯಿಸದೆ ಕಾಂಪೌಂಡಿನ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂರುತ್ತಾಳೆ, ಕೈಯಲ್ಲಿ ಹಳೆಯ ಲೆಕ್ಕದ ಪುಸ್ತಕ, ಬೀದಿಯಲ್ಲಿ ಹೋದ ಪ್ರತಿ ಬಿಳಿ ವ್ಯಾನಿನ ನಂಬರು, ಸಮಯ, ಚಾಲಕ ಹೇಗಿದ್ದಾನೆ — ಮೀಸೆ ಇದೆ, ಕನ್ನಡಕ ಇದೆ, ನನ್ನನ್ನು ನೋಡಲಿಲ್ಲ, ನನ್ನನ್ನು ನೋಡಿ ವೇಗ ಜಾಸ್ತಿ ಮಾಡಿದ — ಗೆರೆ ಎಳೆದು ಅಚ್ಚುಕಟ್ಟಾಗಿ ಬರೆದಿದ್ದಾಳೆ, ಅವಳು ಮಲಗಿದಾಗ ತೆಗೆದು ನೋಡಿದೆ, ಮೂವತ್ತೊಂದು ವ್ಯಾನು, ಒಂದರ ಮುಂದೆ ನಕ್ಷತ್ರದ ಗುರುತು, ಪಕ್ಕದಲ್ಲಿ ದೊಡ್ಡ ಮೀಸೆಯ ಮುಖದ ಚಿತ್ರ. ಲಾಂಡ್ರಿ ವ್ಯಾನು. ಬೇರೆ ಯಾರಾದರೂ ಆಗಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಆ ಲಾಂಡ್ರಿಯವನು ವಾರಕ್ಕೆರಡು ಸಲ ಬೀದಿಗೆ ಬಂದು ಬಟ್ಟೆ ಗಂಟು ಒಯ್ಯುವವನು, ಸ್ಟೀರಿಂಗ್ ಹಿಂದಿನ ಗೂಡಿನಲ್ಲಿ ತಾತನಿಗೆಂದೇ ಬಿಸ್ಕತ್ತು ಇಟ್ಟುಕೊಂಡಿರುತ್ತಿದ್ದ, ಏನ್ ತಾತಾ, ಪಿಂಚಣಿ ಬಂತಾ ಎಂದು ಕೂಗಿದರೆ ಈ ಕಿವುಡು ಮುದುಕನಿಗೆ ಅದೊಂದು ಮಾತ್ರ ಅದು ಹೇಗೋ ಕೇಳಿಸುತ್ತಿತ್ತು, ಅಥವಾ ಬಿಸ್ಕತ್ತಿನ ವಾಸನೆಯೇ ಇರಬೇಕು. ತಾತ ಹೋದ ವಾರ ಅವನು ಬರಲಿಲ್ಲ, ಅವನ ಹೆಂಡತಿಯ ತಂಗಿಗೆ ಹೆರಿಗೆ ಅಂತೆ, ರಜೆ ಹಾಕಿದ್ದನಂತೆ, ಮಗಳ ಲೆಕ್ಕದಲ್ಲಿ ಅದು ತಲೆತಪ್ಪಿಸಿಕೊಂಡದ್ದು. ಮುಂದಿನ ವಾರ ಬಂದಾಗ ವ್ಯಾನಿಗೆ ಅಡ್ಡ ನಿಂತು ಕೇಳಿದಳಂತೆ, ಅಂಕಲ್, ನೀವೇನಾ? ಅವನು ಮಂಕಾಗಿ, ಏನು ಪುಟ್ಟಿ ಎಂದನಂತೆ, ಬಿಸ್ಕತ್ತು ಚಾಚಿದನಂತೆ, ಇವಳು ಅದನ್ನು ಕಿತ್ತು ಚರಂಡಿಗೆ ಎಸೆದಳಂತೆ. ಅದು ಸಾಲದೆಂದು ವ್ಯಾನಿನ ಬಾಗಿಲ ಮೇಲೆ ಮೊಳೆಯಲ್ಲಿ ಗೀಚಿದ್ದಾಳೆ, ಕೊಂದವನು, ಅಕ್ಷರ ಮಾತ್ರ ಮುದ್ದಾಗಿ, ಸೊನ್ನೆಗೆ ಸೊನ್ನೆ, ಕೊಂಬಿಗೆ ಕೊಂಬು. ಗುರುವಾರ ಅವನು ಡ್ರೈವಿಂಗ್ ಶಾಲೆಗೇ ಬಂದ, ಜಗಳಕ್ಕೆ ಅಂದುಕೊಂಡೆ, ಅವನು ಟೋಪಿ ಕೈಯಲ್ಲಿ ಹಿಡಿದುಕೊಂಡು ಬಾಗಿಲ ಹೊರಗೇ ನಿಂತ, ಮೇಷ್ಟ್ರೇ, ಮಗು ಮೇಲೆ ನಂಗೇನೂ ಸಿಟ್ಟಿಲ್ಲ, ನೀವು ಅಲ್ಲಿದ್ರಲ್ಲ, ನೀವೇ ನೋಡಿದ್ರಲ್ಲ, ನಾನಲ್ಲ ಅಂತ ಒಂದು ಮಾತು ಹೇಳ್ಬಿಡಿ ಸಾಕು. ನಾಲ್ಕು ಮನೆಯವರು ಬಟ್ಟೆ ಕೊಡೋದು ನಿಲ್ಸಿದ್ದಾರೆ, ನಮ್ಮ ಮಾಲೀಕರು ಆ ಗೀಚಿದ್ದನ್ನ ನೋಡಿ ಏನಯ್ಯಾ ಇದು ಅಂತಿದಾರೆ. ಹೇಳ್ತೀನಿ, ಖಂಡಿತ ಹೇಳ್ತೀನಿ ಎಂದೆ. ಅವನು ಕೈಮುಗಿದ. ನನಗೆ ಕೈಮುಗಿದ. ಗುರುವಾರ ಸಂಜೆ ಹೇಳಲಿಲ್ಲ, ಶುಕ್ರವಾರ ಹೇಳಲಿಲ್ಲ, ಇವತ್ತು ಶನಿವಾರ.

ಮೇಷ್ಟ್ರೇ, ನಿದ್ದೆನಾ ಎಂದು ಗಾಜು ತಟ್ಟಿದರು ಡಾಕ್ಟರಮ್ಮ, ಅರ್ಜಿ ಮಡಚಿ ಸೀಟಿನ ಪಕ್ಕಕ್ಕೆ ತುರುಕಿದೆ, ಐವತ್ತೆಂಟು ವರ್ಷದ ಹೆಂಗಸು, ಗಂಡನ ಕಣ್ಣಿಗೆ ಪೊರೆ ಬಂದ ಮೇಲೆ ಕಲಿಯಲು ಶುರುಮಾಡಿದವರು, ಮುಂದಕ್ಕೆ ಓಡಿಸುವುದೆಲ್ಲ ಆಯಿತು, ಇವತ್ತು ರಿವರ್ಸ್ ಪಾಠ, ಮೂರು ವಾರದಿಂದ ಯಾರಿಗೂ ರಿವರ್ಸ್ ಪಾಠ ಮಾಡಿರಲಿಲ್ಲ, ಇನ್ನೂ ಕೈ ಕೂತಿಲ್ಲ ಎಂದು ಒಬ್ಬರಿಗೆ, ಮೈದಾನ ಒದ್ದೆ ಎಂದು ಇನ್ನೊಬ್ಬರಿಗೆ, ಇವರ ಹತ್ತಿರ ಅದೆಲ್ಲ ನಡೆಯಲಿಲ್ಲ, ಮುಂದಿನ ವಾರ ಪರೀಕ್ಷೆ ಇಟ್ಕೊಂಡು ಇದೇನ್ರೀ ನಿಮ್ಮ ನಾಟಕ ಎಂದರು. ಹಳೇ ಕಾರ್ಖಾನೆಯ ಹಿಂದಿನ ಮೈದಾನ, ಎರಡು ಡ್ರಮ್ಮಿನ ನಡುವೆ ಹಿಂದಕ್ಕೆ ಬಂದು ನಿಲ್ಲಿಸಬೇಕು, ಹೇಳಿ ಮೇಷ್ಟ್ರೇ ಎಂದು ಸ್ಟೀರಿಂಗ್ ಹಿಡಿದು ಕಾಯುತ್ತಿದ್ದಾರೆ, ಹೇಳಬೇಕಾದದ್ದು ನನ್ನ ಬಾಯಲ್ಲಿ ಎಷ್ಟು ಸಾವಿರ ಸಲ ಬಂದಿಲ್ಲ, ಮೊದಲು ಇಳಿದು ಕಾರಿನ ಹಿಂದೆ ಒಂದು ಸುತ್ತು ಬನ್ನಿ, ಮಗು ಇರಬಹುದು, ನಾಯಿ ಇರಬಹುದು, ಕನ್ನಡಿ ಎಲ್ಲವನ್ನೂ ತೋರಿಸುವುದಿಲ್ಲ — ಬೆರಳಿನಿಂದ ಕನ್ನಡಿ ಒರೆಸಿದೆ. ಇವತ್ತು ಇಳಿಯೋದು ಬೇಡ್ವಾ ಎಂದು ಅವರೇ ಕೇಳಿದರು, ಪುಸ್ತಕದಲ್ಲಿ ಓದಿದ್ದಾರೆ. ಇಳೀಬೇಕು ಎಂದೆ. ಇಳಿದು ಬಂದರು, ಏನೂ ಇಲ್ಲ ಎಂದರು, ಗೇರ್ ಹಾಕಿದರು, ಕಾರು ಅಷ್ಟಷ್ಟೇ ಹಿಂದಕ್ಕೆ ಸರಿಯಿತು, ಚೆನ್ನಾಗಿಯೇ ಬರುತ್ತಿತ್ತು, ನನ್ನ ಕಾಲು ತಾನಾಗಿ ಹೋಗಿ ಬ್ರೇಕನ್ನು ನೆಲಮುಟ್ಟ ಒತ್ತಿತು, ಇಬ್ಬರೂ ಮುಂದಕ್ಕೆ ಮುಗ್ಗರಿಸಿದೆವು. ಯಾಕ್ರೀ? ಏನೋ ಸದ್ದಾಯಿತು ಎಂದು ಬಾಗಿಲು ತೆಗೆದು ಇಳಿದೆ, ಮಂಡಿಯೂರಿ ಕೆಳಗೆ ನೋಡಿದೆ, ಒಣಗಿದ ಒಂದು ಎಲೆ, ಅಷ್ಟೇ, ಎದ್ದವನು ಮತ್ತೆ ಬಗ್ಗಿ ಆ ಕಡೆಯಿಂದಲೂ ನೋಡಿದೆ. ಡಾಕ್ಟರಮ್ಮ ಎಂಜಿನ್ ಆರಿಸಿ ಕೂತಿದ್ದರು, ನಾನು ಬಂದು ಕೂತ ಮೇಲೆ ನನ್ನ ಕಡೆ ತಿರುಗಿದರು, ನಮ್ಮ ಹತ್ರ ಬರೋರೆಲ್ಲ ದಿನಾ ಎರಡು ಸಲ ಹಲ್ಲು ಉಜ್ತೀನಿ ಅಂತಾರೆ ಮೇಷ್ಟ್ರೇ, ನಾನೂ ಹೂಂ ಅಂತೀನಿ, ಬಾಯಿ ತೆಗೆದ್ರೆ ಗೊತ್ತಾಗುತ್ತಲ್ಲ. ನಿಮಗೇನೋ ನೋಯ್ತಾ ಇದೆ. ಹಲ್ಲಲ್ಲ ಮೇಡಂ ಎಂದೆ. ಹಲ್ಲಲ್ಲ ಅಂತ ನನಗೂ ಗೊತ್ತು ಎಂದರು. ಹೇಳಿಬಿಡುವುದಿತ್ತು ಅಲ್ಲೇ, ಯಾರೋ ಒಬ್ಬ ಹೊರಗಿನವರು, ನಿಧಾನದ ದನಿ, ಮುಂದಿನ ವಾರ ಪರೀಕ್ಷೆ ಪಾಸಾದರೆ ಮತ್ತೆ ಸಿಗುವವರೂ ಅಲ್ಲ, ಆದರೂ ನಾನು, ಇನ್ನೊಂದು ಸಲ ಮಾಡೋಣ ಎಂದೆ, ಅವರು ಮಾಡಿದರು, ಡ್ರಮ್ಮಿಗೆ ತಾಕದಂತೆ, ನೂಲು ಹಿಡಿದಂತೆ, ನನಗಿಂತ ಚೆನ್ನಾಗಿ.

ಎರಡು ಗಂಟೆಗೆ ಮನೆಗೆ ಬಂದೆ, ಕಾರನ್ನು ಒಳಗೆ ತರಲಿಲ್ಲ, ಮೂರು ವಾರದಿಂದ ತಂದಿಲ್ಲ, ಮರದ ಕೆಳಗೆ ನಿಲ್ಲಿಸುತ್ತೇನೆ, ನೆರಳಿದೆ ಎನ್ನುತ್ತೇನೆ. ಮಗಳು ತನ್ನ ಕೋಣೆಯಲ್ಲಿ, ಹೆಂಡತಿ ಅಂಗಡಿಯಲ್ಲಿ, ಊಟದ ಮೇಜಿನ ಮೇಲೆ ಅರ್ಜಿ ಹರಡಿ ಆ ಚೀಟಿಯಲ್ಲಿದ್ದ ನಂಬರಿಗೆ ಫೋನು ಮಾಡಿದೆ, ಅದೇ ಹೆಣ್ಣುದನಿ, ಪಾಲಿಸಿ ಸಂಖ್ಯೆ ಹೇಳಿದ ಕೂಡಲೇ, ಓ, ತಾತ ಎಂದಳು, ನೆನಪಿಟ್ಟುಕೊಂಡಿದ್ದಾಳೆ, ಹೇಳಿ ಸರ್, ವ್ಯಾನ್ ನಂಬರ್ ಏನಾದ್ರೂ ಸಿಕ್ತಾ? ಸಿಗಲಿಲ್ಲ, ಅಲ್ಲ, ವ್ಯಾನ್ ಇರಲಿಲ್ಲ ಎಂದೆ. ಅಂದ್ರೆ? ನನ್ನ ಕಾರು. ಯಾರು ಓಡಿಸ್ತಿದ್ರು ಸರ್? ನಾನೇ. ಅಷ್ಟು ಸುಲಭವಾಗಿ ಬಂತು ಮಾತು, ಹೆಸರು ಕೇಳಿದರೆ ಹೇಳುವ ಹಾಗೆ, ಅದಕ್ಕಾಗಿ ಮೂರು ವಾರ ಅನ್ನ ಇಳಿಯದೆ ಕೂತಿದ್ದೆನೇ. ಅವಳು ಕೀಲಿಮಣೆ ಕುಟ್ಟುವ ಸದ್ದು ನಿಂತಿತು, ಮತ್ತೆ ಶುರುವಾಯಿತು. ಸರ್, ಹಾಗಿದ್ರೆ ಹಿಂದಿನ ಪುಟದಲ್ಲಿ ಸ್ವಂತ ವಾಹನ ಅಂತ ಒಂದು ಭಾಗ ಇದೆ, ಅದನ್ನ ತುಂಬಿ, ಸ್ವಂತ ವಾಹನ ಆದ್ರೂ ಕ್ಲೇಮ್ ಕೊಡ್ತಾರೆ, ಅಜಾಗರೂಕತೆ ಇರಬಾರ್ದು ಅಷ್ಟೇ. ಪುಟ ತಿರುಗಿಸಿದೆ, ಒಂದೇ ಪ್ರಶ್ನೆ, ವಾಹನ ಚಲಿಸುವ ಮುನ್ನ ಹಿಂಬದಿಯನ್ನು ಪರಿಶೀಲಿಸಿದ್ದಿರಾ, ಹೌದು, ಇಲ್ಲ, ಎರಡು ಪುಟ್ಟ ಚೌಕ. ಪುಟ ತಿರುಗಿದ ಸದ್ದು ಅವಳಿಗೆ ಕೇಳಿಸಿರಬೇಕು, ದನಿ ತಗ್ಗಿಸಿ, ಸರ್, ಸಾಮಾನ್ಯವಾಗಿ ಎಲ್ರೂ ಹೌದು ಅಂತಾನೇ ಹಾಕ್ತಾರೆ, ಅದನ್ನ ಯಾರೂ ಬಂದು ನೋಡಲ್ಲ ಎಂದಳು. ಒಳ್ಳೆಯ ಹುಡುಗಿ. ಥ್ಯಾಂಕ್ಸ್ ಅಮ್ಮಾ ಎಂದು ಫೋನು ಇಟ್ಟೆ, ಪೆನ್ನು ತೆಗೆದುಕೊಂಡೆ, ಇಲ್ಲ ಎಂಬ ಚೌಕಕ್ಕೆ ಗುರುತು ಹಾಕಿದೆ, ಹಾಕಿದ ಮೇಲೆ ಹನ್ನೊಂದು ಗೆರೆ ಅವೇ ಕೈಹಿಡಿದು ಕರೆದುಕೊಂಡು ಹೋದವು. ಮಂಗಳವಾರ ಮಧ್ಯಾಹ್ನ ಊಟ ಮುಗಿಸಿ ಒಂದೂವರೆಗೆ ಹೊರಟೆ. ತಡವಾಗಿತ್ತು. ಶಾಲೆಯಿಂದ ಮೆಸೇಜು ಬಂದಿತ್ತು, ಕಲಿಯುವವರು ಕಾಯುತ್ತಿದ್ದಾರೆ ಎಂದು. ನಾಯಿಗೆ ಕಿವಿ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಾರ್ನ್ ಮಾಡಿದ್ರೂ ಏಳಲ್ಲ ರೀ, ಇಳಿದು ನೋಡಿ ಅಂತ ಹೆಂಡತಿ ದಿನವೂ ಹೇಳುತ್ತಿದ್ದಳು. ಅವನು ಊಟವಾದ ಮೇಲೆ ಕಾರಿನ ನೆರಳಿನಲ್ಲಿ ಮಲಗುತ್ತಾನೆ ಎಂಬುದೂ ಗೊತ್ತಿತ್ತು. ಬೇರೆ ದಿನ ಏಳಿಸುತ್ತಿದ್ದೆ. ಅವತ್ತು ಮೆಸೇಜಿಗೆ ಉತ್ತರ ಬರೆಯುತ್ತ ಒಂದು ಕೈಯಲ್ಲಿ ಕಾರು ಹಿಮುಖ ತೆಗೆದೆ. ಹಿಂದೆ ನೋಡಲಿಲ್ಲ. ಕನ್ನಡಿಯನ್ನೂ ನೋಡಲಿಲ್ಲ. ನಾನು ಡ್ರೈವಿಂಗ್ ಕಲಿಸುವವನು. ಹಿಂದಿನ ಚಕ್ರ ಒಮ್ಮೆ ಎದ್ದು ಇಳಿಯಿತು. ನಿಲ್ಲಿಸಿದೆ. ಇಳಿದು ಬಗ್ಗಿ ನೋಡಿದೆ — ಅಲ್ಲಿಗೆ ಹನ್ನೊಂದನೆಯ ಗೆರೆ ಮುಗಿಯಿತು, ಅದರ ಕೆಳಗೆ ಸಹಿ ಮಾಡುವ ಜಾಗ, ಸಹಿ ಮಾಡಿದೆ.

ಅಪ್ಪ, ತಾತಂದು ಫೋಟೋ ಬೇಕಂತಲ್ಲ, ಅಮ್ಮ ಹೇಳಿದ್ಲು, ಎಂದು ಮಗಳು ಕೋಣೆಯಿಂದ ಬಂದಳು, ಕೈಯಲ್ಲಿ ಒಂದಲ್ಲ, ಆರು ಫೋಟೋ, ಇದ್ರಲ್ಲಿ ಯಾವ್ದು, ಇದ್ರಲ್ಲಿ ಕಣ್ಣು ಮುಚ್ಕೊಂಡಿದ್ದಾರೆ, ಇದ್ರಲ್ಲಿ ನಿನ್ನ ಚಪ್ಪಲಿ ಬಾಯಲ್ಲಿದೆ, ಎಂದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಅರ್ಜಿ ಮಡಚಿಬಿಡಬಹುದಿತ್ತು, ಲಕೋಟೆ ಪಕ್ಕದಲ್ಲೇ ಇತ್ತು, ಅಂಟು ಹಚ್ಚಿ ಕಳಿಸಿದ್ದರೆ ಅಲ್ಲೆಲ್ಲೋ ಒಂದು ಕಪಾಟಿನಲ್ಲಿ ನಿಜ ಭದ್ರವಾಗಿ ಇರುತ್ತಿತ್ತು, ಇಲ್ಲಿ ಗೋಡೆಯ ಮೇಲೆ ಇವಳು, ಚರಂಡಿಯಲ್ಲಿ ಬಿಸ್ಕತ್ತು. ಓದು ಎಂದು ಅವಳ ಕಡೆಗೆ ತಳ್ಳಿದೆ. ನಿಂತುಕೊಂಡೇ ಓದಿದಳು, ಬೆರಳಿಟ್ಟು, ಚಿಕ್ಕವಳಿದ್ದಾಗ ಓದುತ್ತಿದ್ದ ಹಾಗೆ, ನಾನು ಬೆರಳನ್ನೇ ನೋಡುತ್ತಿದ್ದೆ, ನಾಲ್ಕನೆಯ ಗೆರೆ, ಐದು, ಏಳನೆಯ ಗೆರೆಯಲ್ಲಿ ಬೆರಳು ನಿಂತಿತು, ಅಪ್ಪ, ಹಿಮ್ಮುಖಕ್ಕೆ ಒತ್ತಕ್ಷರ ಬೇಕು, ನೀನು ಹಿಮುಖ ಅಂತ ಬರ್ದಿದ್ದೀಯ, ಎಂದಳು, ಪೆನ್ನು ಎತ್ತಿಕೊಂಡು ಮು ಅಕ್ಷರದ ಕೆಳಗೆ ಒತ್ತು ಬರೆದಳು, ಬರೆದು ಮುಗಿಸಿ, ಮುಂದಿನ ಪದಕ್ಕೆ ಬೆರಳು ಸರಿಸಿ, ಸರಿಸದೆ, ಹಿಂದಕ್ಕೆ ಬಂದು ಮತ್ತೆ ಓದಿದಳು. ಅಳುತ್ತಾಳೆ ಅಂದುಕೊಂಡೆ, ಕೂಗುತ್ತಾಳೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾಳೆ, ಎಸೆಯಲಿ, ನೀರಿನ ಲೋಟ ಅವಳ ಕೈಗೆ ಹತ್ತಿರದಲ್ಲೇ ಇತ್ತು. ಅವಳು ಫೋಟೋಗಳನ್ನು ಒಂದೊಂದಾಗಿ ಎತ್ತಿ ಜೋಡಿಸಿಕೊಂಡಳು, ಅಂಚು ಸರಿಮಾಡಿದಳು, ನನ್ನನ್ನು ನೋಡದೆ ಕೇಳಿದಳು, ಲಾಂಡ್ರಿ ಅಂಕಲ್‌ಗೆ ಯಾರು ಹೇಳ್ತಾರೆ? ನಾನು ಹೇಳ್ತೀನಿ ಪುಟ್ಟಿ. ಯಾವಾಗ ಹೇಳ್ತೀರಿ? ಹೇಳ್ತೀರಿ ಎಂದಳು. ಹನ್ನೆರಡು ವರ್ಷದಲ್ಲಿ ಒಂದು ಸಲವೂ ಅವಳ ಬಾಯಿಂದ ನನಗೆ ಬಹುವಚನ ಬಂದಿರಲಿಲ್ಲ, ಈಗಲೇ ಎಂದೆ, ಎದ್ದೆ, ಕಾರಿನ ಕೀಲಿಗೆ ಕೈ ಹಾಕಿದೆ, ನಾನು ನಡ್ಕೊಂಡು ಬರ್ತೀನಿ ಎಂದಳು, ಕೀಲಿ ಅಲ್ಲೇ ಬಿಟ್ಟೆ.

ಅವಳು ಹತ್ತು ಹೆಜ್ಜೆ ಮುಂದೆ, ನಾನು ಹಿಂದೆ, ಲೆಕ್ಕದ ಪುಸ್ತಕ ಕಂಕುಳಲ್ಲಿ, ಮೆಡಿಕಲ್ ಅಂಗಡಿ, ಸೈಕಲ್ ರಿಪೇರಿಯವನು, ಏನ್ ಬ್ರೇಕ್ ಮೇಷ್ಟ್ರೇ, ಕಾಲ್ನಡಿಗೇಲಿ, ಬ್ರೇಕ್ ಫೇಲಾ ಎಂದು ಯಾರೋ ಕೂಗಿದರು, ಕೈ ಎತ್ತಿದೆ. ಲಾಂಡ್ರಿಯೊಳಗೆ ಬಿಸಿ ಹಬೆ, ಸೋಪಿನ ವಾಸನೆ, ಬಾಗಿಲಲ್ಲಿ ವ್ಯಾನು ನಿಂತಿತ್ತು, ಗೀಚಿದ ಜಾಗಕ್ಕೆ ಬಣ್ಣ ಬಳಿದಿದ್ದರು, ಬಿಳಿ ಮೇಲೆ ಬೇರೆ ಬಿಳಿ, ಅಕ್ಷರ ಇನ್ನಷ್ಟು ಎದ್ದು ಕಾಣುತ್ತಿತ್ತು. ಅವನು ಹಾಸಿಗೆ ಬಟ್ಟೆ ಮಡಚುತ್ತಿದ್ದ, ನಮ್ಮಿಬ್ಬರನ್ನು ನೋಡಿ ಹೆದರಿದ, ಮಗಳನ್ನು ನೋಡಿ. ಮೇಜಿನ ಹಿಂದೆ ಅವನ ಮಾಲೀಕ, ಇಸ್ತ್ರಿ ಮಾಡುವ ಇಬ್ಬರು ಹೆಂಗಸರು, ಎಲ್ಲರ ಮುಂದೆಯೇ ಹೇಳಿದೆ, ಗಟ್ಟಿಯಾಗಿ ಹೇಳಬೇಕಾಯಿತು, ಯಂತ್ರದ ಸದ್ದು, ನಾಯಿನ ಕೊಂದಿದ್ದು ನಾನು, ನನ್ನ ಕಾರು, ಮಗಳಿಗೆ ಸುಳ್ಳು ಹೇಳಿದ್ದೆ, ಇವರದ್ದು ಏನೂ ತಪ್ಪಿಲ್ಲ, ಗುರುವಾರ ಇವರು ಬಂದಾಗಲೂ ಬಾಯಿ ಬಿಡಲಿಲ್ಲ. ಒಬ್ಬ ಹೆಂಗಸು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ಮಾಲೀಕ ಅವನ ಕಡೆ ನೋಡಿದ, ಅವನು ಕೈಯಲ್ಲಿದ್ದ ಬಟ್ಟೆಯ ಎರಡು ತುದಿ ನನ್ನ ಕಡೆ ಚಾಚಿ, ಹಿಡ್ಕೊಳ್ಳಿ ಎಂದ, ಹಿಡಿದುಕೊಂಡೆ, ದೊಡ್ಡ ಬಟ್ಟೆ, ಒಬ್ಬನಿಗೆ ಆಗುವುದಿಲ್ಲ, ಅವನು ಎಳೆದ, ನಾನೂ ಎಳೆದೆ, ಮಧ್ಯಕ್ಕೆ ಬಂದೆವು, ತುದಿಗೆ ತುದಿ ಸೇರಿಸಿದೆವು, ಅವನ ಬೆರಳು ನನ್ನ ಬೆರಳಿಗೆ ತಗಲಿತು, ಬಿಸಿಯಾಗಿತ್ತು. ಮಗಳು ವ್ಯಾನಿನ ಹತ್ತಿರ ನಿಂತಿದ್ದಳು, ಪುಸ್ತಕ ತೆರೆದು ಆ ನಕ್ಷತ್ರ ಇದ್ದ ಹಾಳೆಯನ್ನು ಹರಿದು ಅವನ ಕೈಗೆ ಕೊಟ್ಟಳು, ಸಾರಿ ಅಂಕಲ್, ಬಾಗಿಲಿಗೆ ನಾನೇ ಬಣ್ಣ ಹಚ್ತೀನಿ, ಸರಿಯಾದ್ದು. ಅವನು ಹಾಳೆಯನ್ನು ನೋಡಿ, ನನ್ನ ಮೀಸೆ ಇಷ್ಟು ದೊಡ್ಡದಾ ಪುಟ್ಟಿ ಎಂದ. ಅವಳಿಗೆ ನಗು ಬರಲಿಲ್ಲ, ಆದರೆ ಅವನ ಅಂಗಿಯ ತುದಿಯನ್ನು ಒಂದು ಗಳಿಗೆ ಹಿಡಿದುಕೊಂಡಿದ್ದು ಬಿಟ್ಟಳು.

ಅರ್ಜಿಯನ್ನು ದಾರಿಯಲ್ಲೇ ಅಂಚೆಯವರ ಕೈಗೆ ಕೊಟ್ಟಾಯಿತು, ಒಂದು ಫೋಟೋ ಸೇರಿಸಿ, ಅವಳೇ ಆರಿಸಿದ್ದು, ಕಣ್ಣು ತೆರೆದಿದ್ದ ಒಂದೇ ಫೋಟೋ, ಅದಕ್ಕೆ ಏನು ಉತ್ತರ ಬರುತ್ತದೋ ನನಗೆ ಗೊತ್ತು, ಬರಲಿ. ಹೆಂಡತಿಗೆ ಸಂಜೆ ಹೇಳಬೇಕು, ಅವಳು ಕನ್ನಡಕ ತೆಗೆದು ಒರೆಸುತ್ತಾಳೆ, ಅಥವಾ ಮೊದಲೇ ಗೊತ್ತಿತ್ತು ಅನ್ನುತ್ತಾಳೆ, ಅದು ಇನ್ನೂ ಕಷ್ಟ. ಮಗಳು ಈಗ ಹತ್ತು ಹೆಜ್ಜೆ ಮುಂದೆ ಇಲ್ಲ, ನಾಲ್ಕೈದು ಇರಬಹುದು, ಜಡೆಯ ರಿಬ್ಬನ್ ಬಿಚ್ಚಿಕೊಂಡಿದೆ, ನಮ್ಮ ಬೀದಿಯ ತಿರುವಿನಲ್ಲಿ ತಿರುಗಿ ನೋಡದೆಯೇ ಕೇಳಿದಳು, ತಾತಂಗೆ ಗೊತ್ತಾಯ್ತಾ, ನೀವು ಅಂತ? ನಾನು ನಿಂತೆ. ಬರೆಯಲು ಜಾಗ ಸಾಲದೆ ಉಳಿದದ್ದು ಅದೊಂದೇ, ಮೂರು ವಾರದಿಂದ ಅದರ ಹತ್ತಿರ ಹೋಗುವುದು, ತಿರುಗಿ ಬರುವುದು, ಹಾಸಿಗೆಯಲ್ಲಿ, ಸ್ನಾನದಲ್ಲಿ, ಯಾರಿಗೋ ಗೇರು ಬದಲಿಸಲು ಹೇಳುವಾಗ, ಹತ್ತಿರ ಹೋಗುವುದು, ತಿರುಗಿ ಬರುವುದು. ಅವಳೂ ನಿಂತಿದ್ದಾಳೆ, ಈಗ ನನ್ನ ಕಡೆ ತಿರುಗಿದ್ದಾಳೆ, ಏನ್ ಮಾಡಿದ್ರು ತಾತ, ಹೇಳಿ, ಹೇಳು ಅಪ್ಪ. ಗೊತ್ತಾಯಿತು ಪುಟ್ಟಿ, ಇಳಿದೆ, ಬಗ್ಗಿದೆ, ಕಾರಿನ ಕೆಳಗೆ ಕತ್ತಲು, ಬಿಸಿ ಎಣ್ಣೆಯ ವಾಸನೆ, ಚಕ್ರದ ಪಕ್ಕ ಬಿಳಿ ಗಡ್ಡ ಕಂಡಿತು, ಕಣ್ಣು ತೆರೆದೇ ಇತ್ತು, ನಿದ್ದೆಯಿಂದ ಎದ್ದವನ ಕಣ್ಣು, ನನ್ನ ಮುಖ ನೋಡಿದ, ನೋಡಿ, ಯಾರೋ ಅಲ್ಲ, ಮನೆಯವನೇ ಬಂದ, ಇನ್ನೇನೂ ಹೆದರಿಕೆ ಇಲ್ಲ ಎನ್ನುವ ಹಾಗೆ — ಬಾಲ, ಎಂದೆ ಮಗಳಿಗೆ, ಅಷ್ಟೇ ಹೊರಬಂದದ್ದು, ಬಾಲ, ನೆಲಕ್ಕೆ ಬಡಿಯಿತು, ಧೂಳು ಎದ್ದಿತು, ಸಣ್ಣಗೆ, ನನ್ನನ್ನು ನೋಡುತ್ತಲೇ, ಮತ್ತೆ ಎತ್ತಿದ, ಬಡಿದ, ಧೂಳು, ಬಾಲ, ನನ್ನನ್ನು ನೋಡುತ್ತಲೇ, ಮತ್ತೆ ಬಾಲ